ಎರಡು ಮಳೆಗಾಲ ಕಂಡ ಬಿಲ್ಲಿಂಗ್ ಮೆಷಿನ್

ಆನ್‌ಲೈನ್ ರಿವ್ಯೂಗಳನ್ನೆಲ್ಲ ಓದಿಯೇ ನಾನು ಈ ಮೆಷಿನ್ ತಗೊಂಡಿದ್ದು. ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದರು. ಆಮೇಲೆ ನೋಡಿದರೆ ಹೆಚ್ಚಿನವರು ಬರೆದದ್ದು ಡಬ್ಬ ಬಿಚ್ಚಿದ ವಾರದೊಳಗೆ. ಅದೂ ಕರೆಂಟ್ ಹೋಗದ, ಗೋಡೆ ಬೆವರದ ಊರುಗಳಲ್ಲಿ ಕೂತು. ನಮ್ಮದು ಮಡಿಕೇರಿ. ಇಲ್ಲಿ ಯಾವ ಸಾಮಾನು ತಂದರೂ ಜಡಿಮಳೆಯ ಒಂದು ಆಟಿ ತಿಂಗಳು ದಾಟಿದ ಮೇಲೆಯೇ ಅದು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಬಹುದು. 2024ರ ಏಪ್ರಿಲ್‌ನಲ್ಲಿ ತಗೊಂಡೆ, ಎರಡು ಮಳೆಗಾಲ ಆಯಿತು. ಈಗ ಬರೆದರೆ ಮೋಸ ಇಲ್ಲ.

ಕಂಪನಿ ಹೆಸರು ಹಾಕುವುದಿಲ್ಲ. ಈ ಜಾತಿಯ ಮೆಷಿನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ, ಮೇಲೆ ಅಂಟಿಸಿದ ಚೀಟಿ ಬೇರೆ ಅಷ್ಟೇ. ದಪ್ಪ ಮೊಬೈಲ್ ಥರ ಇರುತ್ತದೆ. ಒಳಗೆ ಆಂಡ್ರಾಯ್ಡ್, ತಲೆಯ ಹತ್ತಿರ ಸಣ್ಣ ಪ್ರಿಂಟರ್, ಅದಕ್ಕೆ 58 ಮಿ.ಮೀ. ಅಗಲದ ರೋಲ್. ನಾನು ಕೊಟ್ಟದ್ದು 14,500. ಸಾಫ್ಟ್‌ವೇರ್‌ಗೆ ವರ್ಷಕ್ಕೆ 3,600. ಈ ಎರಡನೇ ಲೆಕ್ಕವನ್ನು ಮಾರುವವನು ಕೊನೆಗೆ, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದ.

ನಮ್ಮ ಅಂಗಡಿ ರಾಜಾಸೀಟ್ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೋಣೆ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ), ಹೋಂ ಮೇಡ್ ಚಾಕೊಲೇಟ್. ಹಾಫ್ ಕೆಜಿ, ಕಾಲು ಕೆಜಿ, ನೂರು ಗ್ರಾಂ ಅಂತ ಎಲ್ಲ ಸೇರಿಸಿದರೆ 140 ಐಟಂ. ಗಲ್ಲಾದಲ್ಲಿ ಅಮ್ಮ, ಕೌಂಟರ್‌ನಲ್ಲಿ ನಾನು, ಜೊತೆಗೆ ಕೆಲಸಕ್ಕೆ ಒಬ್ಬಳು ಹುಡುಗಿ. ಮೊದಲು ಕಾರ್ಬನ್ ಇಟ್ಟು ಬಿಲ್ ಪುಸ್ತಕದಲ್ಲಿ ಬರೆಯುತ್ತಿದ್ದೆವು, ಅದೂ ಕೇಳಿದವರಿಗೆ ಮಾತ್ರ. ಸ್ಟಾಕ್ ಎಷ್ಟಿದೆ ಅನ್ನುವುದು ಅಮ್ಮನ ತಲೆಯಲ್ಲಿ ಇರುತ್ತಿತ್ತು. ಅಮ್ಮನ ತಲೆ ತುಂಬ ಚೆನ್ನಾಗಿದೆ. ಆದರೆ ಶನಿವಾರ ಭಾನುವಾರ ಬೆಂಗಳೂರಿನ ಗಾಡಿಗಳು ಸಾಲುಗಟ್ಟಿ ನಿಂತಾಗ ಯಾರ ತಲೆಯೂ ಸಾಕಾಗುವುದಿಲ್ಲ.

ಮೊದಲ ಎಡವಟ್ಟು ಮೊದಲ ವಾರವೇ ಆಯಿತು. ನಾವು ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದೇವೆ. ಅಂದರೆ ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ ಶೇ. 1 ನಾವೇ ಕೈಯಿಂದ ಕಟ್ಟುತ್ತೇವೆ, ಗಿರಾಕಿಯ ಬಿಲ್‌ನಲ್ಲಿ ಜಿಎಸ್‌ಟಿ ತೋರಿಸಿ ವಸೂಲಿ ಮಾಡುವ ಹಾಗಿಲ್ಲ. ಮೆಷಿನ್ ಕೂರಿಸಲು ಬಂದ ಹುಡುಗ ಇದ್ಯಾವುದನ್ನೂ ಕೇಳಲೇ ಇಲ್ಲ. ಎಲ್ಲ ಅಂಗಡಿಗೂ ಮಾಡುವ ಹಾಗೆ ಸೆಟ್ಟಿಂಗ್ ಮಾಡಿ ಟೀ ಕುಡಿದು ಹೋದ. ನಾಲ್ಕು ದಿನ ನಮ್ಮ ಬಿಲ್‌ನಲ್ಲಿ ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು ಅಂತ ಅಚ್ಚುಕಟ್ಟಾಗಿ ಬರುತ್ತಿತ್ತು. ನಾನು ಅದನ್ನು ನೋಡಿ ಖುಷಿಪಡುತ್ತಿದ್ದೆ, ದೊಡ್ಡ ಅಂಗಡಿ ಬಿಲ್ ಥರ ಇದೆ ಅಂತ! ಕುಶಾಲನಗರದ ನಮ್ಮ ಆಡಿಟರ್ ಒಂದು ಬಿಲ್ ನೋಡಿ ತಲೆ ಚಚ್ಚಿಕೊಂಡರು. 'ಇದು ಟ್ಯಾಕ್ಸ್ ಇನ್‌ವಾಯ್ಸ್ ಕಣಯ್ಯ. ನೀನು ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ತೋರಿಸದ ಬಿಲ್. ಕಾಂಪೊಸಿಷನ್ ವ್ಯಾಪಾರಿ, ತೆರಿಗೆ ವಸೂಲಿ ಮಾಡುವ ಹಕ್ಕಿಲ್ಲ ಅಂತ ಮೇಲೆ ಪ್ರಿಂಟ್ ಆಗಬೇಕು.' ಆ ನಾಲ್ಕು ದಿನ ಬಿಲ್‌ನಲ್ಲಿ ತೋರಿಸಿದ ತೆರಿಗೆಯನ್ನು ಅವರು ನನ್ನ ಕೈಯಿಂದ ಕಟ್ಟಿಸಿಯೇ ಬಿಟ್ಟರು. ಸೆಟ್ಟಿಂಗ್ ಬದಲಾಯಿಸಲು ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷದ ಪ್ರಶ್ನೆಯನ್ನು ಮೊದಲೇ ಕೇಳದಿದ್ದದ್ದಕ್ಕೆ ಒಂದು ಸ್ಟಾರ್ ಕಟ್.

ಇನ್ನು ಮಳೆಯ ವಿಷಯಕ್ಕೆ ಬರುತ್ತೇನೆ.

ಬ್ಯಾಟರಿಗೆ ನನ್ನ ದೂರು ಇಲ್ಲ. ಮಳೆ ಜೋರಾದರೆ ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ. ಒಂದು ದಿನ, ಕೆಲವು ಸಲ ಮೂರು ದಿನ. ಮೊದಲು ನಾನು ಕಂಪ್ಯೂಟರ್ ಇಟ್ಟು ಬಿಲ್ ಮಾಡೋಣ ಅಂತಿದ್ದೆ. ಹಾಗೆ ಮಾಡಿದ್ದರೆ ಅದರ ಹಿಂದೆ ದೊಡ್ಡ ಯುಪಿಎಸ್ಸು, ಬ್ಯಾಟರಿ, ಅದಕ್ಕೊಂದು ಸ್ಟ್ಯಾಂಡು ಅಂತ ಇನ್ನೊಂದು ಸಂಸಾರ ಶುರುವಾಗುತ್ತಿತ್ತು. ಈ ಮೆಷಿನ್ ಒಂದು ಚಾರ್ಜ್‌ಗೆ ಮಳೆಗಾಲದ ತೆಳುವಾದ ವ್ಯಾಪಾರದಲ್ಲಿ ಒಂದೂವರೆ ದಿನ ಬರುತ್ತದೆ. ಆಮೇಲೆ ಮೊಬೈಲ್ ಪವರ್ ಬ್ಯಾಂಕ್ ಚುಚ್ಚಿದರೆ ಆಯಿತು. ನನಗೆ ದುಡ್ಡು ಉಳಿಸಿದ ಮೊದಲ ಸಂಗತಿ ಇದು. ಮಾರುವವನು ಇದನ್ನು ಹೇಳಲೇ ಇಲ್ಲ, ಅವನಿಗೆ ಗೊತ್ತೂ ಇರಲಿಲ್ಲ ಅನ್ನಿಸುತ್ತದೆ.

ರೋಲ್ ಮಾತ್ರ ಕಾಟ ಕೊಟ್ಟಿತು. ಥರ್ಮಲ್ ಪ್ರಿಂಟರ್‌ನಲ್ಲಿ ಶಾಯಿ ಇರುವುದಿಲ್ಲ, ಕಾಗದಕ್ಕೆ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಜುಲೈನಲ್ಲಿ ನಮ್ಮ ಅಂಗಡಿಯಲ್ಲಿ ಬೆಲ್ಟು, ಚಪ್ಪಲಿ, ಕ್ಯಾಲೆಂಡರ್ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಶೆಲ್ಫ್‌ನಲ್ಲಿ ಬಿಚ್ಚಿಟ್ಟ ರೋಲ್ ಮೆತ್ತಗಾಗಿ ಒಳಗೆ ಅಂಟಿಕೊಳ್ಳಲು ಶುರುವಾಯಿತು. ಅರ್ಧ ಬಿಲ್ ಬಂದು ನಿಲ್ಲುವುದು, ಎಳೆದರೆ ಹರಿಯುವುದು. ಅಮ್ಮ ಸುಮ್ನೆ ಎದ್ದು ಹೋಗಿ ಹಳೇ ಏಲಕ್ಕಿ ಡಬ್ಬ ತಂದು ರೋಲ್‌ಗಳನ್ನೆಲ್ಲ ಅದಕ್ಕೆ ತುಂಬಿ ಮುಚ್ಚಳ ಹಾಕಿದರು. ಅಲ್ಲಿಗೆ ಸಮಸ್ಯೆ ಮುಗಿಯಿತು. ಈಗ ನಮ್ಮ ಬಿಲ್ ಏಲಕ್ಕಿ ಘಮಘಮ ಅನ್ನುತ್ತದೆ. ಮೈಸೂರಿನ ಒಬ್ಬರು ಬಿಲ್ಲನ್ನು ಮೂಗಿಗೆ ಹಿಡಿದು, 'ಇದಕ್ಕೆ ಸೆಂಟ್ ಹಾಕ್ತೀರಾ' ಅಂತ ಕೇಳಿದ್ದರು.

ಥರ್ಮಲ್ ಬಿಲ್‌ನ ಇನ್ನೊಂದು ಗುಣ, ಮಾಸುತ್ತದೆ. ಬಿಸಿಲಿಗೆ, ಬಿಸಿಗೆ, ಎಣ್ಣೆ ಕೈಗೆ ಎಲ್ಲಕ್ಕೂ. ನಾವು ಕೊಡುವ ಬಿಲ್ ಮಾಸಿದರೆ ನಮಗೇನೂ ಇಲ್ಲ, ಮೆಷಿನ್‌ನಲ್ಲಿ ಇದೆ. ಆದರೆ ನಮಗೆ ಮಾಲು ಹಾಕುವವರಲ್ಲಿ ಅರ್ಧ ಜನ ಈಗ ಇಂಥದೇ ಬಿಲ್ ಕೊಡುತ್ತಾರೆ. ಜಿಎಸ್‌ಟಿ ಲೆಕ್ಕದ ಕಾಗದಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಮ್ಮ ಡ್ರಾಯರ್‌ನಲ್ಲಿ ಇಟ್ಟ ಬಿಲ್ ಎಂಟೇ ತಿಂಗಳಿಗೆ ಖಾಲಿ ಕಾಗದ ಆಗಿತ್ತು. ಈಗ ಮಾಲು ಬಂದ ದಿನವೇ ಬಿಲ್ಲಿನ ಫೋಟೊ ತೆಗೆದು ಅವತ್ತಿನ ತಾರೀಖಿನ ಹೆಸರಲ್ಲಿ ಹಾಕಿಡುತ್ತೇನೆ. ಇದಕ್ಕೆ ಯಾವ ಮೆಷಿನ್ನೂ ಬೇಡ, ಕೈಯಲ್ಲಿರುವ ಫೋನ್ ಸಾಕು.

ಸಿಡಿಲು ಇನ್ನೊಂದು. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬರುವ ಕಾಲದಿಂದ ಮೇ ಕೊನೆವರೆಗೆ ಇಲ್ಲಿ ಗುಡುಗು ಜಾಸ್ತಿ. ಮೊದಲ ಮೇ ತಿಂಗಳಲ್ಲೇ ಚಾರ್ಜರ್ ಸುಟ್ಟಿತು. 650 ರೂಪಾಯಿ. ಮೆಷಿನ್ ಉಳಿದದ್ದು ಅದೃಷ್ಟ. ವಾರಂಟಿಯಲ್ಲಿ ಕೊಡಿ ಅಂದರೆ 'ಸಿಡಿಲು ವಾರಂಟಿಯಲ್ಲಿ ಬರಲ್ಲ ಸಾರ್' ಅಂದರು. ಬರೆದಿರುವ ಕಾಗದ ಓದಿದೆ. ನಿಜ, ಬರುವುದಿಲ್ಲ. ಈಗ ಮೋಡ ಕಪ್ಪಾದರೆ ಪ್ಲಗ್ ಕಿತ್ತು ಬಿಡುತ್ತೇವೆ, ಮನೆಯಲ್ಲಿ ಟಿವಿಗೆ ಮಾಡುವ ಹಾಗೆ.

ನೆಟ್‌ವರ್ಕ್ ಇಲ್ಲದಾಗಲೂ ಬಿಲ್ ಆಗುತ್ತದೆ, ಆಮೇಲೆ ತಾನೇ ಸರ್ವರ್‌ಗೆ ಹೋಗುತ್ತದೆ ಅಂತ ಹೇಳಿದ್ದರು. ಆಗುತ್ತದೆ, ಹೋಗುತ್ತದೆ. ಆದರೆ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದೂ ಇದರಲ್ಲೇ. 2024ರ ಜುಲೈ, ಪುನರ್ವಸು ಮಳೆ ಕುಟ್ಟುತ್ತಿತ್ತು, ಎರಡು ದಿನದಿಂದ ನೆಟ್‌ವರ್ಕ್ ಇಲ್ಲ. ಮೂರನೇ ದಿನ ಸ್ವಲ್ಪ ಬಂತು. ಅಷ್ಟರಲ್ಲಿ ಮೆಷಿನ್ ಹ್ಯಾಂಗ್ ಆಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬ ಮರ್ಯಾದೆಯಿಂದ, 'ಸಾರ್, ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗೆ ಹೋಗಿ, ಕ್ಲಿಯರ್ ಡೇಟಾ ಒತ್ತಿ' ಅಂದಳು. ಒತ್ತಿದೆ. ಸರಿಯಾಯಿತು. ಜೊತೆಗೆ ಸರ್ವರ್‌ಗೆ ಹೋಗದೆ ಒಳಗೇ ಉಳಿದಿದ್ದ ಎರಡು ದಿನದ ಬಿಲ್‌ಗಳೂ ಮಾಯ! ಮಳೆಯ ದಿನ, 31 ಬಿಲ್ ಅಷ್ಟೇ ಇದ್ದದ್ದು. ದಸರಾದ ಎರಡು ದಿನ ಆಗಿದ್ದರೆ? ಮತ್ತೆ ಫೋನ್ ಮಾಡಿದರೆ 'ನೀವು ಮೊದಲು ಸಿಂಕ್ ಮಾಡಬೇಕಿತ್ತು', ಅಂದರೆ ಬಿಲ್‌ಗಳನ್ನು ಸರ್ವರ್‌ಗೆ ಕಳಿಸಬೇಕಿತ್ತು ಅಂತ ನನಗೇ ಪಾಠ. ನೆಟ್‌ವರ್ಕ್ ಇಲ್ಲದೆ ಸಿಂಕ್ ಮಾಡುವುದು ಹೇಗೆ ಅನ್ನುವುದಕ್ಕೆ ಉತ್ತರ ಬರಲಿಲ್ಲ. ಅಮ್ಮ ಗಲ್ಲಾದ ದುಡ್ಡು ಎಣಿಸಿ, ನಾನು ಬ್ಯಾಂಕ್ ಮೆಸೇಜ್ ನೋಡಿ, ಅಂದಾಜಿಗೆ ಮತ್ತೆ ಎಂಟ್ರಿ ಮಾಡಿದೆವು. ಅವತ್ತಿನಿಂದ ನೆಟ್‌ವರ್ಕ್ ಇಲ್ಲದ ದಿನ ಪ್ರತಿ ಬಿಲ್ಲಿನ ಎರಡನೇ ಕಾಪಿ ಹೊಡೆದು ಮೊಳೆಗೆ ಚುಚ್ಚುತ್ತೇವೆ. ಅಪ್ಪನ ಕಾಲದ ಮೊಳೆ ಅದು. ಅದಕ್ಕೆ ಐದು ಸ್ಟಾರ್.

ಇಷ್ಟು ಬೈದ ಮೇಲೂ ಮೆಷಿನ್ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ ಚಾಕೊಲೇಟ್‌ನಿಂದ.

ಚಾಕೊಲೇಟ್ ನಮ್ಮಲ್ಲಿ 'ಹೋಗುವ ಮಾಲು'. ಎದುರಿಗೇ ಇಡುತ್ತೇವೆ, ಮಕ್ಕಳು ಕೈ ಹಾಕುತ್ತಾರೆ, ಅಪ್ಪ ಅಮ್ಮ ತೆಗೆಸಿಕೊಡುತ್ತಾರೆ. ವರ್ಷವಿಡೀ ಒಂದೇ ಲೆಕ್ಕದಲ್ಲಿ ತರಿಸುತ್ತಿದ್ದೆವು. ಮೆಷಿನ್‌ನಲ್ಲಿ ಎಸೆದ ಮಾಲನ್ನು ಡ್ಯಾಮೇಜ್ ಅಂತ ಹಾಕಲು ಒಂದು ಬಟನ್ ಇದೆ. ನಾನು ಸುಮ್ನೆ, ಇದೆಯಲ್ಲ ಅಂತ, ಪ್ರತಿ ಡಬ್ಬ ಎಸೆಯುವಾಗಲೂ ಒತ್ತುತ್ತಾ ಹೋದೆ. ಸೆಪ್ಟೆಂಬರ್ ಕೊನೆಗೆ ರಿಪೋರ್ಟ್ ತೆಗೆದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಕೊಲೇಟ್‌ಗೆ ಕೊಟ್ಟದ್ದು 41,000, ಮಾರಿ ಬಂದದ್ದು 38,200. ಲಾಭ ಹೋಗಲಿ, ಅಸಲೂ ಹುಟ್ಟಿರಲಿಲ್ಲ. ಅಮ್ಮನಿಗೆ ತೋರಿಸಿದರೆ, 'ನಿನ್ನ ಮೆಷಿನ್ ಕೆಟ್ಟಿದೆ, ದಿನಾ ಚಾಕೊಲೇಟ್ ಹೋಗೋದು ನಾನೇ ನೋಡಿದ್ದೀನಿ' ಅಂದರು. ಹೋಗುವುದು ಕಣ್ಣಿಗೆ ಕಾಣುತ್ತದೆ, ಎಸೆಯುವುದು ಕಾಣುವುದಿಲ್ಲ. ಇವತ್ತು ಎರಡು ಡಬ್ಬ, ನಾಳಿದ್ದು ಒಂದು ಅಂತ ಹಿಂದಿನ ಬಾಗಿಲಿನಿಂದ ಹೋಗಿರುತ್ತದೆ.

ಆಗುವುದು ಏನೆಂದರೆ, ಮಳೆಗಾಲದ ಥಂಡಿಗೆ ಚಾಕೊಲೇಟ್ ಮೇಲೆ ನೀರಿನ ಪಸೆ ಕೂರುತ್ತದೆ. ಫ್ರಿಜ್‌ನಿಂದ ಹೊರಗೆ ತೆಗೆದಾಗಲಂತೂ ಕಣ್ಣಿಗೇ ಕಾಣುತ್ತದೆ. ಆ ನೀರಿಗೆ ಮೇಲಿನ ಸಕ್ಕರೆ ಕರಗುತ್ತದೆ, ನೀರು ಆರಿದ ಮೇಲೆ ಸಕ್ಕರೆ ಬಿಳಿ ಪುಡಿಯಾಗಿ ಉಳಿಯುತ್ತದೆ. ಅದು ಬೂಷ್ಟು ಅಲ್ಲ, ತಿಂದರೆ ಏನೂ ಆಗುವುದಿಲ್ಲ. ಆದರೆ ದುಡ್ಡು ಕೊಡುವವರಿಗೆ ಅದನ್ನೆಲ್ಲ ವಿವರಿಸುತ್ತಾ ಕೂರಲು ಆಗುತ್ತದಾ? 2025ರ ಮಳೆಗಾಲದಲ್ಲಿ ಕಾಲು ಭಾಗ ಮಾತ್ರ ತರಿಸಿದೆವು, ಅದೂ ವಾರ ವಾರ. ಆ ದುಡ್ಡಿನಲ್ಲಿ 100 ಗ್ರಾಂ ಕರಿಮೆಣಸಿನ ಪ್ಯಾಕೆಟ್ ಜಾಸ್ತಿ ಮಾಡಿದೆವು. ಒಣಗಿಸಿ ಸರಿಯಾಗಿ ಸೀಲ್ ಮಾಡಿದರೆ ಕರಿಮೆಣಸು ಯಾವ ಮಳೆಗೂ ಹೆದರುವುದಿಲ್ಲ. ಈ ಒಂದು ಬದಲಾವಣೆಯಲ್ಲೇ ಮೆಷಿನ್‌ನ ದುಡ್ಡು ಹುಟ್ಟಿತು. ಅಮ್ಮ ಈಗ ವಾರಕ್ಕೊಂದು ಸಲ ತಾವೇ ಕೇಳುತ್ತಾರೆ, 'ಎಸೆದ ಲೆಕ್ಕ ತೆಗಿ' ಅಂತ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯಿಂದ ನೋಟಿಸ್ ಬಂತು ಅಂತ ರಾಜ್ಯವೆಲ್ಲ ಗಲಾಟೆ ಆಯಿತು, ಎಷ್ಟೋ ಕಡೆ ಕ್ಯೂಆರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು. ನಮ್ಮ ಸಾಲಿನಲ್ಲೂ ಒಬ್ಬರು ಕ್ಯೂಆರ್ ಮೇಲೆ ನ್ಯೂಸ್ ಪೇಪರ್ ಅಂಟಿಸಿದ್ದರು. ನಮಗೆ ನೋಟಿಸ್ ಏನೂ ಬರಲಿಲ್ಲ. ಆದರೂ ಆಡಿಟರ್ ಹತ್ತಿರ ಓಡಿದೆ. ಅವರು ಹೇಳಿದ್ದು ಇಷ್ಟು: ಅಕೌಂಟ್‌ಗೆ ಬಂದ ದುಡ್ಡೆಲ್ಲ ವ್ಯಾಪಾರವೂ ಅಲ್ಲ, ವ್ಯಾಪಾರವೆಲ್ಲ ತೆರಿಗೆ ಬೀಳುವ ಮಾಲೂ ಅಲ್ಲ, ಆದರೆ ಅದನ್ನು ತೋರಿಸಲು ನಿನ್ನ ಹತ್ತಿರ ಲೆಕ್ಕ ಬೇಕು. ಬರೀ ಸರಕು ಮಾರುವವರು, ಅದರಲ್ಲಿ ತೆರಿಗೆ ಬೀಳುವ ಮಾಲೂ ಇದ್ದರೆ, ವರ್ಷಕ್ಕೆ 40 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಆ 40 ಲಕ್ಷಕ್ಕೆ ತೆರಿಗೆ ಇಲ್ಲದ ಮಾಲೂ ಸೇರುತ್ತದೆ. ಇದು ಗೊತ್ತಿಲ್ಲದವರೇ ಜಾಸ್ತಿ. ಪಕ್ಕದ ಅಂಗಡಿಯಣ್ಣನ ಕ್ಯೂಆರ್‌ಗೆ ವ್ಯಾಪಾರದ ದುಡ್ಡು, ಚೀಟಿ ದುಡ್ಡು, ಭಾವಮೈದ ವಾಪಸ್ ಕೊಟ್ಟ ಸಾಲ ಎಲ್ಲ ಒಂದೇ ಅಕೌಂಟ್‌ಗೆ ಬೀಳುತ್ತಿತ್ತು. ಅದನ್ನು ಬಿಡಿಸಲು ಅವರು ಒಂದು ವಾರ ಪಾಸ್‌ಬುಕ್ ಹಿಡಿದು ಕೂತರು. ನನ್ನದು ಅಂಗಡಿಗೇ ಬೇರೆ ಅಕೌಂಟ್, ಐಟಂ ಲೆಕ್ಕ ಮೆಷಿನ್‌ನಲ್ಲಿ. ಹತ್ತು ನಿಮಿಷದಲ್ಲಿ ಆಡಿಟರ್ ನನ್ನನ್ನು ಎಬ್ಬಿಸಿ ಕಳಿಸಿದರು.

ಸೌಂಡ್ ಬಾಕ್ಸ್ ಬಗ್ಗೆಯೂ ಹೇಳಬೇಕು. ಇದು ಬೇರೆಯದು, ತಿಂಗಳಿಗೆ 125 ಬಾಡಿಗೆ. ದುಡ್ಡು ಬಂದರೆ ಕನ್ನಡದಲ್ಲೇ ಕೂಗುತ್ತದೆ. ಮಡಿಕೇರಿ ದಸರಾ ವಿಜಯದಶಮಿ ರಾತ್ರಿ ನೀವು ನೋಡಿರಬೇಕು, ಹತ್ತು ಮಂಟಪ ಮೆರವಣಿಗೆ ಹೊರಡುತ್ತವೆ, ಬೆಳಗಿನವರೆಗೆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ನಾವೂ ರಾತ್ರಿಯಿಡೀ ತೆರೆದಿರುತ್ತೇವೆ. 2024ರಲ್ಲಿ ನಾಲ್ಕು ಹುಡುಗರು ಬಂದು ಜೇನು, ಮೆಣಸು ಎಲ್ಲ ಸೇರಿ 1,850 ರೂಪಾಯಿಯದ್ದು ತಗೊಂಡು, ಹಸಿರು ಟಿಕ್ ತೋರಿಸಿ ಹೊರಟರು. ಬಾಕ್ಸ್ ಸುಮ್ಮನಿತ್ತು. 'ಸ್ವಲ್ಪ ನಿಲ್ಲಿ' ಅಂದೆ. ಮತ್ತೆ ಫೋನ್ ಕೇಳಿ ನೋಡಿದರೆ ಸ್ಕ್ರೀನ್‌ನಲ್ಲಿದ್ದ ತಾರೀಖು ಹಿಂದಿನ ದಿನದ್ದು. ಯಾರೋ ಕಳಿಸಿದ ಸ್ಕ್ರೀನ್‌ಶಾಟ್. ಹುಡುಗರು ನಕ್ಕು ಕ್ಯಾಶ್ ಕೊಟ್ಟು ಹೋದರು, ತಮಾಷೆ ಮಾಡಿದ ಹಾಗೆ.

ಅದೇ ರಾತ್ರಿ ಎರಡು ಗಂಟೆಗೆ ಒಂದು ಕುಟುಂಬ ಬಂತು. ಹೆಗಲ ಮೇಲೆ ಮಗು ನಿದ್ದೆ ಮಾಡುತ್ತಿತ್ತು. 420 ರೂಪಾಯಿ ಹಾಕಿದರು, ಬಾಕ್ಸ್ ಮಾತಾಡಲಿಲ್ಲ. ಈಗ ನಾನು ಹುಷಾರು ಅಲ್ವಾ, ನಿಲ್ಲಿಸಿದೆ. ಇಪ್ಪತ್ತು ನಿಮಿಷ ನಿಲ್ಲಿಸಿದೆ. ಅವರು ಅಕೌಂಟ್‌ನಿಂದ ದುಡ್ಡು ಹೋಗಿದೆ ಅಂತ ಬ್ಯಾಂಕ್ ಮೆಸೇಜ್ ತೋರಿಸಿದರೂ ನಂಬಲಿಲ್ಲ. ಆಮೇಲೆ ಬಾಕ್ಸ್ ಒಮ್ಮೆಲೇ ಬಾಯಿಬಿಟ್ಟು ಒಂಬತ್ತು ಪೇಮೆಂಟ್ ಒಂದರ ಹಿಂದೆ ಒಂದು ಕೂಗಿತು. ಅದರಲ್ಲಿ ಅವರದ್ದೂ ಇತ್ತು. ಬಾಕ್ಸ್ ಒಳಗೂ ಒಂದು ಸಿಮ್ ಇರುತ್ತದೆ, ಅಷ್ಟು ಜನರ ಮಧ್ಯೆ ಅದಕ್ಕೂ ನೆಟ್‌ವರ್ಕ್ ಸಿಕ್ಕಿರಲಿಲ್ಲ. ನಾನು ಒಂದು ಡಬ್ಬ ಚಾಕೊಲೇಟ್ ಕೊಟ್ಟೆ, ಅವರು ತಗೊಳ್ಳಲಿಲ್ಲ. ಆ ಹೆಂಗಸು ನೋಡಿದ ನೋಟ ಇನ್ನೂ ಮರೆತಿಲ್ಲ. ಬಾಕ್ಸ್ ಕೂಗಿದರೆ ದುಡ್ಡು ಬಂದಿದೆ ಅಂತ. ಕೂಗದಿದ್ದರೆ ಬಂದಿಲ್ಲ ಅಂತ ಅಲ್ಲ, ಬೇರೆ ಫೋನ್‌ನಲ್ಲಿ ಅಕೌಂಟ್ ತೆರೆದು ನೋಡಬೇಕು. ಈಗ ಕೌಂಟರ್ ಕೆಳಗೆ ಬೇರೆ ಕಂಪನಿ ಸಿಮ್ ಇರುವ ಹಳೇ ಫೋನ್ ಒಂದು ಇದಕ್ಕಾಗಿಯೇ ಇದೆ.

ಇನ್ನೊಂದು ಎಚ್ಚರಿಕೆ. ಸೌಂಡ್ ಬಾಕ್ಸ್ ಅಪ್‌ಡೇಟ್, ಕೆವೈಸಿ ಅಂತ ಫೋನ್ ಮಾಡಿ, ಯಾವುದೋ ಆ್ಯಪ್ ಹಾಕಿಸಿ, ನಿಮ್ಮ ಸ್ಕ್ರೀನ್ ಅವರ ಕಡೆ ಕಾಣುವ ಹಾಗೆ ಮಾಡಿಸುವವರು ಇದ್ದಾರೆ. ನಮ್ಮ ಪರಿಚಯದವರೊಬ್ಬರು ಹೀಗೆ ಒಂದು ಮಧ್ಯಾಹ್ನದಲ್ಲಿ 28,000 ಕಳಕೊಂಡರು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಅವರು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ನಾನು ಅಂಗಡಿ ಅಕೌಂಟ್‌ನಲ್ಲಿ ಜಾಸ್ತಿ ಇಡುವುದಿಲ್ಲ, ರಾತ್ರಿ ಬಾಗಿಲು ಹಾಕುವ ಮೊದಲು ಇನ್ನೊಂದಕ್ಕೆ ಕಳಿಸುತ್ತೇನೆ. ಬೆಳಗ್ಗೆ ಬೋಣಿಗೆ ಮೊದಲು ಕ್ಯೂಆರ್ ಬೋರ್ಡ್ ಮೇಲೆ ಉಗುರಲ್ಲಿ ಒಮ್ಮೆ ಕೆರೆದು ನೋಡುತ್ತೇನೆ, ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ.

ಮಾರುವವನು ಹೇಳಿದ ದೊಡ್ಡ ಮಾತು, 'ಒಬ್ಬ ಕೆಲಸದವರನ್ನ ಕಮ್ಮಿ ಮಾಡಬಹುದು ಸಾರ್'. ಸುಳ್ಳು. ಮೆಷಿನ್ ಜೇನು ತೂಗುವುದಿಲ್ಲ, ಪ್ಯಾಕೆಟ್ ಕಟ್ಟುವುದಿಲ್ಲ, ಗಿರಾಕಿ ಹತ್ತಿರ ನಗುವುದೂ ಇಲ್ಲ. ಹುಡುಗಿ ಈಗಲೂ ಇದ್ದಾಳೆ. ಆದದ್ದು ಇಷ್ಟು: ಮೊದಲು ಸಂಜೆ ಲೆಕ್ಕ ಕೂಡಿಸಿ ಗಲ್ಲಾ ಹೊಂದಿಸುವಷ್ಟರಲ್ಲಿ ಒಂಬತ್ತು ಆಗುತ್ತಿತ್ತು, ಅವಳ ಕೊನೇ ಬಸ್ ತಪ್ಪಿದರೆ ಆಟೋ ದುಡ್ಡು ನಾನು ಕೊಡುತ್ತಿದ್ದೆ. ಈಗ ಏಳೂವರೆಗೆ ಹೊರಡುತ್ತಾಳೆ. ಆಟೋ ಖರ್ಚು ನಿಂತಿದೆ. ಅವಳಿಗೂ ಮಳೆಯಲ್ಲಿ ತೀರಾ ತಡವಾಗದೆ ಬಸ್ ಸಿಗುತ್ತದೆ.

ಎಲ್ಲರಿಗೂ ಬೇಕಾ? ಬೇಡ. ಕಕ್ಕಬ್ಬೆ ಹತ್ತಿರ ಹೋಂಸ್ಟೇ ಇಟ್ಟಿರುವ ನನ್ನ ಭಾವ ನನ್ನದನ್ನು ನೋಡಿ ತಾನೂ ತಂದ. ಮೂರು ರೂಮು, ತಿಂಗಳಿಗೆ ಇಪ್ಪತ್ತು ಬಿಲ್. ಅವನ ಮೆಷಿನ್ ಈಗ ದೇವರ ಕೋಣೆ ಪಕ್ಕದ ಅಲ್ಮೇರಾದಲ್ಲಿದೆ. ಅವನಿಗೆ ಒಂದು ನೋಟ್ ಪುಸ್ತಕ, ಫೋನ್‌ನಲ್ಲಿ ಒಂದು ಎಕ್ಸೆಲ್ ಸಾಕಿತ್ತು. ನಿಮ್ಮದು ಹದಿನೈದು ಇಪ್ಪತ್ತು ಐಟಂ ಅಂಗಡಿ ಆದರೂ ಅಷ್ಟೇ. ಕೆಡುವ ಮಾಲು ಇದ್ದು, ಐಟಂ ಜಾಸ್ತಿ ಇದ್ದು, ಒಂದು ದಿನ ಜಾತ್ರೆ ಇನ್ನೊಂದು ದಿನ ನೊಣ ಹೊಡೆಯುವ ವ್ಯಾಪಾರ ಇದ್ದರೆ ಮಾತ್ರ ತಗೊಳ್ಳಿ. ತಗೊಳ್ಳುವ ಮೊದಲು ಮಾರುವವನ ಎದುರೇ ಸಿಮ್ ತೆಗೆದು, ವೈಫೈ ಆಫ್ ಮಾಡಿ, ಹತ್ತು ಬಿಲ್ ಹೊಡೆದು, ಆಮೇಲೆ ಆ್ಯಪ್ ಮುಚ್ಚಿ ತೆರೆದು ಹತ್ತೂ ಇವೆಯಾ ನೋಡಿ. ಅವನ ಮುಖವನ್ನೂ ನೋಡಿ.

ನನ್ನ ಲೆಕ್ಕದಲ್ಲಿ ಮೆಷಿನ್‌ಗೆ ನಾಲ್ಕು, ಸರ್ವಿಸ್‌ಗೆ ಎರಡು, ಒಟ್ಟಾರೆ ಮೂರು ಸ್ಟಾರ್. ಏಪ್ರಿಲ್‌ಗೆ ಮತ್ತೆ 3,600 ಕಟ್ಟಬೇಕು, ಈಗಲೇ ದಿನಾ ಮೆಸೇಜ್ ಬರುತ್ತಿದೆ. ಎರಡು ವರ್ಷದ ನನ್ನ ಲೆಕ್ಕ ಅವರ ಸರ್ವರ್‌ನಲ್ಲಿದೆ, ಪೂರ್ತಿ ಇಳಿಸಿಕೊಳ್ಳಲು ಬಟನ್ ಇಲ್ಲ, ಒಂದು ಸಲಕ್ಕೆ ಒಂದು ತಿಂಗಳದ್ದು ಮಾತ್ರ ಬರುತ್ತದೆ. ನಾಳೆ ಕಟ್ಟದಿದ್ದರೆ ಆ ಲೆಕ್ಕ ಕೊಡುತ್ತೀರಾ ಅಂತ ಮೂರು ಸಲ ಕೇಳಿದ್ದೇನೆ, ಮೂರು ಸಲವೂ 'ಮೇಲಿನವರನ್ನ ಕೇಳಿ ಹೇಳ್ತೀವಿ ಸಾರ್' ಅಂದಿದ್ದಾರೆ. ನಾನು ಕಾಯುತ್ತಾ ಕೂತಿಲ್ಲ. ದಿನಾ ಮಧ್ಯಾಹ್ನ ಊಟ ಆದ ಮೇಲೆ ಒಂದೊಂದು ತಿಂಗಳದ್ದು ಇಳಿಸಿ ಪೆನ್‌ಡ್ರೈವ್‌ಗೆ ಹಾಕುತ್ತಿದ್ದೇನೆ. ನಿನ್ನೆಗೆ 2025ರ ಮಾರ್ಚ್ ಮುಗಿಯಿತು.